ಆಚೆ ದಡದವಳು

ಜನವರಿ 6, ಮೂರು ಅರಸರ ಹಬ್ಬ

ಇವತ್ತು ಕ್ರಿಸ್‌ಮಸ್ ಗಿಡ ಹೊರಗೆ ಹಾಕಿದೆವು. ಊರವರೆಲ್ಲ ತಮ್ಮ ತಮ್ಮ ಗಿಡ ಎಳೆದು ತಂದು ಇಗರ್ಜಿಯ ಹಿಂದೆ ಹೊಳೆದಂಡೆಯಲ್ಲಿ ರಾಶಿ ಹಾಕಿದರು. ನಾಳೆ ನನ್ನ ಮಗ ರೆಮಿ ಹೆಪ್ಪುಗಟ್ಟಿದ ಹೊಳೆಯನ್ನು ಬೈರಿಗೆಯಿಂದ ಅಲ್ಲಲ್ಲಿ ಕೊರೆದು ನೋಡಿ, ಮಂಜುಗಡ್ಡೆ ಗಟ್ಟಿ ಇದ್ದ ಕಡೆ ಒಂದೊಂದು ಗಿಡ ನೆಟ್ಟು ಆಚೆ ದಡದವರೆಗೆ ದಾರಿ ಗುರುತು ಮಾಡುತ್ತಾನೆ. ನನ್ನ ಗಂಡ ಆಲ್ಸೀದ್ ಇದ್ದಾಗ ಅದು ಅವನ ಕೆಲಸ. ಗಿಡದ ಸಾಲು ಒಮ್ಮೆ ಬಿದ್ದರೆ ಮತ್ತೆ ಯಾರೂ ಏನೂ ಕೇಳುವುದಿಲ್ಲ. ಗಡ್ಡೆ ಒಡೆಯುವವರೆಗೂ ಕಣ್ಣು ಮುಚ್ಚಿಕೊಂಡು ಅದರ ಪಕ್ಕದಲ್ಲೇ ನಡೆಯುತ್ತಾರೆ.

ಸಂಜೆ ಇಗರ್ಜಿಯ ಸಭಾಭವನದಲ್ಲಿ ಸಭೆ. ಹೊಳೆಗೆ ಸೇತುವೆ ಕಟ್ಟುತ್ತಾರಂತೆ. ಕಾರಿಗಲ್ಲ, ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ. ವಿನಿಪೆಗ್‌ನಿಂದ ಮರಿಸೆಲ್ ಎಂಬ ಇಂಜಿನಿಯರ್ ಹುಡುಗಿ ಬಂದು ಗೋಡೆ ತುಂಬ ನಕ್ಷೆ ಅಂಟಿಸಿದ್ದಳು. ವಸಂತದಲ್ಲಿ ನೆರೆ ಹರಡುವ ಬಯಲಿಗೆಲ್ಲ ನೀಲಿ ಬಳಿದಿದ್ದರು. ಆ ನೀಲಿಯ ನಡುವೆ ನಮ್ಮ ಮನೆ ಕೂತಿರುವ ಮಣ್ಣುದಿಬ್ಬ ಒಂದು ಜೀರುಂಡೆಯಷ್ಟು. ಸೇತುವೆ ಹೊಳೆ ಮಾತ್ರ ದಾಟಿದರೆ ಸಾಲದು, ಬಯಲನ್ನೂ ದಾಟಬೇಕು, ಅದಕ್ಕೇ ಅಷ್ಟು ಉದ್ದ ಎಂದಳು. ಎರಡು ಗೆರೆ ಎಳೆದಿದ್ದರು. ಒಂದು ಮೇಲುಹೊಳೆಯಲ್ಲಿ, ಹಳೆಯ ಗೋಧಿ ಕಣಜದ ಹತ್ತಿರ. ಇನ್ನೊಂದು ಇಗರ್ಜಿಯಿಂದ ನೇರವಾಗಿ, ನಮ್ಮ ಗಿಡದ ಸಾಲಿನ ಮೇಲೇ. ಅದು ಹೋಗಿ ಮುಟ್ಟುವುದು ಎಲ್ಲಿಗೆ? ಆ ಫ್ರೀಸನ್ ಹೆಂಗಸಿನ ಹಿತ್ತಲಿಗೆ.

ಫ್ರೀಸನ್ ಹೆಂಗಸು ಎಂದರೆ ನನ್ನ ಬೀಗಿತ್ತಿ, ಸೊಸೆ ಲೀಸಾಳ ತಾಯಿ. ಆಚೆ ದಡದ ಮೆನ್ನೊನೈಟ್ ಪಂಥದವಳು.

ಮೊಮ್ಮಗಳು ಮಾಯೆಲ್ ನಕ್ಷೆಯ ಮುಂದೆ ನಿಂತು ಬೆರಳಲ್ಲಿ ಆ ಗೆರೆ ತೀಡಿದಳು. "ಮೆಮೇರ್, ಇದಾದ್ರೆ ಸ್ಕೂಲ್ ಬಿಟ್ಟ ತಕ್ಷಣ ಸೈಕಲ್ ಹತ್ತಿ ದಿನಾ ಓಮಾ ಮನೆಗೆ ಹೋಗ್ಬಹುದು" ಎಂದಳು. ನನ್ನನ್ನು ಅವಳು ನಮ್ಮ ಫ್ರೆಂಚರ ಹಾಗೆ ಮೆಮೇರ್ ಎನ್ನುತ್ತಾಳೆ, ಆ ಹೆಂಗಸನ್ನು ಅವರ ಜರ್ಮನ್ ಮಾತಿನ ಹಾಗೆ ಓಮಾ ಎನ್ನುತ್ತಾಳೆ. ಎರಡೂ ಅಜ್ಜಿಯೇ. ಆದರೆ ಸ್ಕೂಲ್ ಬಿಟ್ಟ ತಕ್ಷಣ ದಿನಾ ಬರುವುದು ಈ ಅಜ್ಜಿಯ ಮನೆಗೆ. ಲೀಸಾ ಆಸ್ಪತ್ರೆಯ ಪಾಳಿ ಮುಗಿಸಿ ಬರುವವರೆಗೆ ಆ ಹೊತ್ತು ನನ್ನದು. ಬೇರೆ ಏನಿದೆ ನನ್ನ ಹತ್ತಿರ?

ಇಷ್ಟವಾದ ಗೆರೆಗೆ ಅಂಟಿಸಿ ಎಂದು ಎಲ್ಲರಿಗೂ ಒಂದೊಂದು ಹಸಿರು ಬೊಟ್ಟು ಕೊಟ್ಟಿದ್ದರು. ನಾನು ಕಣಜದ ಗೆರೆಗೆ ಒತ್ತಿ ಅಂಟಿಸಿದೆ. ಪಕ್ಕದಲ್ಲಿದ್ದ ಲುಸಿಲ್, ಪಾದ್ರಿಗಳ ಅಡುಗೆಯವಳು, ಮೊಳದುದ್ದದ ಮನುಷ್ಯೆ, ತುದಿಗಾಲಲ್ಲಿ ನಿಂತು ನೋಡಿ, "ಅಲ್ಲಿ ಇಲಿ ಬಿಟ್ರೆ ಯಾರಿದಾರೆ ಒಡೀಲ್?" ಎಂದಳು. ಇಲಿಗಳೂ ದೇವರು ಮಾಡಿದವೇ ಎಂದೆ.

ಜನವರಿ 9

ಇದನ್ನೆಲ್ಲ ಯಾರ ಹತ್ತಿರವೂ ಹೇಳುವಂತಿಲ್ಲ, ಅದಕ್ಕೇ ಬರೆಯುವುದು. ಓದಿದ್ದು ಆರನೇ ಕ್ಲಾಸು. ಬೈಯುವುದಕ್ಕೆ ಅಷ್ಟು ಸಾಕು.

ಮಾಯೆಲ್ ಇವತ್ತು ನನ್ನ ಮಾಂಸದ ಉಂಡೆಯ ಸಾರನ್ನು ಅರ್ಧ ಬಿಟ್ಟಳು. ಹೊಟ್ಟೆ ಸರಿ ಇಲ್ಲವೇ ಎಂದರೆ, ಇಲ್ಲ, ಮಾತಾಡುವುದಿದೆ ಎಂದಳು. ಆಮೇಲೆ ಮಾತು ಶುರು. ಓಮಾ ಸೈಕಲ್ಲಿನ ಚೈನು ಬಿಚ್ಚಿದಳು, ಓಮಾ ಗ್ರೀಸು ಹಚ್ಚಿದಳು, ಓಮಾ ಹಳೇ ಸೈಕಲ್ಲಿಗೆ ಕೆಂಪು ಬಣ್ಣ ಹೊಡೆಯುತ್ತಿದ್ದಾಳೆ, ಅದು ನನಗೇ. ಆ ಹೆಂಗಸಿನ ಗಂಡ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಅವನು ಸತ್ತ ಮೇಲೆ ಸ್ಪ್ಯಾನರುಗಳನ್ನೆಲ್ಲ ಇವಳು ಹಿಡಿದಿದ್ದಾಳೆ. ಎಪ್ಪತ್ತು ದಾಟಿದ ಹೆಂಗಸಿನ ಉಗುರು ತುಂಬ ಗ್ರೀಸು. ಆ ಕೈಯಲ್ಲಿ ರೊಟ್ಟಿ ನಾದುತ್ತಾಳೆ.

"ಮೆಮೇರ್, ನಿಂಗೆ ಸೈಕಲ್ ಬರುತ್ತಾ?" ಎಂದು ಕೇಳಿದಳು. ನಾವು ಹುಡುಗಿಯರಾಗಿದ್ದಾಗ ಮನೆಯಲ್ಲಿ ಕುದುರೆ ಇತ್ತು ಎಂದೆ. ಇತ್ತು ನಿಜ. ನಾನು ಹತ್ತಿರಲಿಲ್ಲ.

ಜನವರಿ 11, ಶನಿವಾರ

ಬೆಳಿಗ್ಗೆ ಮಾಯೆಲ್ ಗಿಡದ ಸಾಲು ಹಿಡಿದು ಆಚೆಗೆ ಹೋದಳು. ಆಲ್ಸೀದ್ ಬಾತುಕೋಳಿ ಬೇಟೆಗೆ ಇಟ್ಟುಕೊಂಡಿದ್ದ ದುರ್ಬೀನು ತೆಗೆದೆ. ಮಗು ಕ್ಷೇಮವಾಗಿ ದಾಟಿತೋ ಎಂದು ನೋಡುವುದಕ್ಕೆ.

ಮಧ್ಯಾಹ್ನ ಮತ್ತೆ ನೋಡಿದೆ. ಆ ಹೆಂಗಸಿನ ಬಟ್ಟೆ ಹಗ್ಗದ ಮೇಲೆ ಮಾಯೆಲ್‌ಳ ನೀಲಿ ಕೈಗವುಸು. ನಾನು ಹೆಣೆದದ್ದು. ಒಗೆದು ಹಾಕಿದ್ದಾಳೆ. ನಾನು ಒಗೆದದ್ದು ಸಾಲದಾಯಿತು ಅಂತ.

ಜನವರಿ 14

ಇಂಜಿನಿಯರ್ ಹುಡುಗಿ ಮನೆಮನೆಗೆ ಬರುತ್ತಿದ್ದಾಳೆ. ನಮ್ಮಲ್ಲಿಗೂ ಬಂದಳು. ಬೂಟು ಬಾಗಿಲಲ್ಲೇ ಬಿಟ್ಟಳು, ಬೆಳೆಸಿದ ತಾಯಿ ಒಳ್ಳೆಯವಳಿರಬೇಕು. ಮಾಂಸ ತುಂಬಿದ ತೂರ್ತಿಯೇರ್ ಕೊಟ್ಟೆ, ಎರಡು ತುಂಡು ತಿಂದಳು, ತಮ್ಮ ಫಿಲಿಪೀನ್ಸಿನಲ್ಲಿ ಇದಕ್ಕೆ ಹತ್ತಿರದ್ದೊಂದು ಇದೆ ಎಂದಳು. ಇರಲಿ ಪಾಪ.

ಬಯಲಲ್ಲಿ ಕಂಬ ಎಲ್ಲಿ ಊರಬೇಕು, ನೆರೆ ಎಷ್ಟು ಎತ್ತರ ಬರುತ್ತದೆ ಎಲ್ಲ ಅವರ ಹತ್ತಿರ ಇದೆಯಂತೆ. ತಿಳಿಯದೆ ಇರುವುದು ಒಂದೇ, ಜನ ಎಲ್ಲಿ ದಾಟುತ್ತಾರೆ ಎಂಬುದು. ಅದಕ್ಕೆ ಇಗರ್ಜಿಯ ಹಿಂದೆ ಒಂದು, ಕಣಜದ ಹಿಂದೆ ಒಂದು ಸಣ್ಣ ಪೆಟ್ಟಿಗೆ ಕಂಬಕ್ಕೆ ಕಟ್ಟಿದ್ದಾರೆ. ಮುಂದೆ ಯಾರಾದರೂ ಹಾದರೆ ಅದು ಎಣಿಸಿಕೊಳ್ಳುತ್ತದೆ, ಫೆಬ್ರವರಿ ಮುಗಿಯುವ ತನಕ.

"ಬೊಟ್ಟು ಯಾರು ಎಲ್ಲಿಗೆ ಬೇಕಾದ್ರೂ ಅಂಟಿಸ್ತಾರೆ ಅಜ್ಜಿ. ಕಾಲು ಸುಳ್ಳು ಹೇಳಲ್ಲ" ಎಂದಳು.

ಅವಳು ಹೋದ ಮೇಲೆ ಆ ಮಾತನ್ನೇ ಮೆಲುಕು ಹಾಕುತ್ತಾ ಕೂತೆ. ನಮ್ಮ ಊರಿನ ಕಾಲು ಹೋಗುವುದು ಗಿಡ ಹೇಳಿದ ಕಡೆಗೆ.

ಜನವರಿ 16

ಸೊಂಟ ಇಲ್ಲ. ಆದರೆ ಕೆಲಸ ಆಯಿತು.

ಊರಿಗೆ ಊರೇ ಹಾಕಿ ಪಂದ್ಯಕ್ಕೆ ಹೋಗಿತ್ತು. ರೆಮಿ ಹಿಮ ತೆಗೆಯುವ ಲಾರಿ ಹತ್ತಿ ಹೆದ್ದಾರಿಗೆ ಹೋದವನು ಶನಿವಾರವೇ ಬರುವುದು. ಆಲ್ಸೀದನ ಜಾರುಬಂಡಿ ಎಳೆದುಕೊಂಡು ಹೊಳೆಗೆ ಇಳಿದೆ. ಗಿಡ ಒಂದೊಂದಾಗಿ ಕಿತ್ತು, ಬಂಡಿಯ ಮೇಲೆ ಹೇರಿ, ಮೇಲುಹೊಳೆಗೆ ಎಳೆದು, ಕಣಜದಿಂದ ಆಚೆ ದಡಕ್ಕೆ ಸಾಲಾಗಿ ಹಿಮದಲ್ಲಿ ಚುಚ್ಚಿದೆ. ಒಂದರ ಮೇಲೆ ಯಾರದೋ ಮನೆಯ ಅಲಂಕಾರದ ಬೆಳ್ಳಿ ಕಾಗದದ ಚೂರು ಇನ್ನೂ ಅಂಟಿಕೊಂಡು ಮಿಂಚುತ್ತಿತ್ತು. ಅದನ್ನು ಎಲ್ಲಕ್ಕಿಂತ ಮುಂದೆ ನೆಟ್ಟೆ.

ಸೇತುವೆ ಬರಲಿ, ನಾನೇನು ಬೇಡ ಎನ್ನಲಿಲ್ಲ. ಇಲಿಗಳ ಹತ್ತಿರ ಬರಲಿ. ಅಲ್ಲಿಂದ ಆ ಹೆಂಗಸಿನ ಮನೆಗೆ ಹೋಗಬೇಕಾದರೆ ಲಾರಿ ರಸ್ತೆ ಹಿಡಿಯಬೇಕು, ಲೀಸಾ ಮಗಳನ್ನು ಸೈಕಲ್ಲಲ್ಲಿ ಬಿಡುವುದಿಲ್ಲ.

ಜನವರಿ 17

ಕಿಟಕಿಯಿಂದ ಕಣಜದ ಕಡೆ ಪೂರ್ತಿ ಕಾಣುವುದಿಲ್ಲ, ದಂಡೆ ಇಳಿಯುವ ಜಾಗ ಮಾತ್ರ ಕಾಣುತ್ತದೆ. ಬೆಳಿಗ್ಗೆಯಿಂದ ನೋಡಿದೆ. ಎಲ್ಲರೂ ಗೊಣಗುತ್ತಾ, ಸುತ್ತಿಕೊಂಡು, ಕುರಿಮಂದೆಯ ಹಾಗೆ ಅತ್ತಲೇ ಹೋದರು. ಲುಸಿಲ್ ಆಚೆ ದಡದ ತಂಗಿಯ ಮನೆಗೆ ಹೋಗುವವಳು ನನ್ನ ಬಾಗಿಲಲ್ಲಿ ನಿಂತು, ರೆಮಿ ಸಾಲು ಬದಲಾಯಿಸಿದ್ದಾನೆ ನೋಡು, ಈ ಕಡೆ ಗಡ್ಡೆ ತೆಳುವಾಗಿರಬೇಕು, ಎಷ್ಟು ಜವಾಬ್ದಾರಿ ಹುಡುಗನಿಗೆ ಎಂದು ಹೊಗಳಿ ಹೋದಳು.

ನಕ್ಕು ನಕ್ಕು ಚಹಾ ಚೆಲ್ಲಿದೆ.

ಜನವರಿ 18, ಶನಿವಾರ

ಇವತ್ತಿನದು ಅವಸರದ ಅಕ್ಷರ. ಬರೆದದ್ದು ಓದಲಿಕ್ಕೆ ಆಗದಿದ್ದರೆ ಒಳ್ಳೆಯದೇ.

ಬೆಳಿಗ್ಗೆ ರೆಮಿ ಬಂದು ಕಾಫಿಗೆ ಕೂತ. ಮಾಯೆಲ್ ಆಗಲೇ ಆಚೆ ದಡಕ್ಕೆ ಹೊರಟಾಗಿತ್ತು. ಗಿಡ ಯಾರು ಬದಲಾಯಿಸಿದರೋ ಗೊತ್ತಿಲ್ಲ, ನಾನಂತೂ ಅಲ್ಲ ಎಂದ. ನಾನು ಒಲೆಯ ಕಡೆ ತಿರುಗಿಕೊಂಡೆ.

"ಯಾರೋ ದೊಡ್ಡೋರು ಮಾಡಿದಾರೆ ಬಿಡಮ್ಮ. ಕೊರೆದು ನೋಡ್ದೆ ಯಾರಾದ್ರೂ ಗಿಡ ನೆಡ್ತಾರಾ" ಎಂದ.

ಹಿಡಿದಿದ್ದ ಲೋಟ ಕೈಯಲ್ಲೇ ಉಳಿಯಿತು. ನಾನು ಕೊರೆದು ನೋಡಿರಲಿಲ್ಲ. ಬೈರಿಗೆ ಕೊಟ್ಟಿಗೆಯ ಗೋಡೆಯಲ್ಲೇ ನೇತಾಡುತ್ತಿತ್ತು, ಅದನ್ನು ಮುಟ್ಟಬೇಕೆಂದು ನೆನಪಾಗಲಿಲ್ಲ. ಕಣಜದ ಕೆಳಗೆ ಬೀಟ್ ಹೊಲಗಳ ತೊರೆ ಬಂದು ಹೊಳೆಗೆ ಸೇರುತ್ತದೆ. ನೀರು ಅಲ್ಲಿ ಒಳಗೊಳಗೇ ಓಡುತ್ತಿರುತ್ತದೆ, ಗಡ್ಡೆ ಗಟ್ಟಿಯಾಗಿ ಕಟ್ಟುವುದಿಲ್ಲ. ಈ ದಂಡೆಯಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು. ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ನೆಡುವಾಗ ಕಣ್ಣೆದುರು ಇದ್ದದ್ದು ಆ ಹೆಂಗಸಿನ ಹಿತ್ತಲು, ಹೊಳೆಯಲ್ಲ.

ರೆಮಿಗೆ ಏನೂ ಹೇಳದೆ ಬೂಟಿಗೆ ಕಾಲು ತೂರಿಸಿ ಹೊರಟೆ. ಲೇಸು ಕಟ್ಟಲಿಲ್ಲ. ಹೊಳೆಯ ಮೇಲೆ ಹಿಮದ ಹೊಗೆ, ಎರಡು ಗಿಡದ ಆಚೆ ಮೂರನೆಯದು ಕಾಣದು. ಮಾಯೆಲ್ ಎಂದು ಕೂಗಿದೆ. ನನ್ನ ದನಿ ನನಗೇ ವಾಪಸು ಬಂತು. ಬೆಳ್ಳಿ ಚೂರಿನ ಗಿಡ ದಾಟಿದೆ, ಇನ್ನೊಂದು, ಮತ್ತೊಂದು. ನಾನು ನೇರವಾಗಿ ನೆಟ್ಟ ಸಾಲು. ಆದರೆ ಹೊಳೆಯ ನಡುವಿಗೆ ಬಂದಾಗ ಗಿಡ ಎದುರಿಗಿರಲಿಲ್ಲ. ಎಡಕ್ಕೆ ಇತ್ತು. ಅದರಾಚೆಯದು ಇನ್ನೂ ಎಡಕ್ಕೆ. ಸಾಲು ಬಾಗಿತ್ತು. ತೊರೆಯ ಬಾಯನ್ನು ದೂರ ಬಿಟ್ಟು, ದೊಡ್ಡ ಬಳಸು ಹಾಕಿ ಹೋಗಿತ್ತು. ನಾನು ಬಾಗಿಸಿರಲಿಲ್ಲ.

ಬಾಗಿದ ತುದಿಯಲ್ಲಿ ಆ ಫ್ರೀಸನ್ ಹೆಂಗಸು ಮಂಡಿಯೂರಿ ಬೈರಿಗೆ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಮಾಯೆಲ್ ಒಂದು ಗಿಡವನ್ನು ಕುತ್ತಿಗೆ ಹಿಡಿದು ನಿಲ್ಲಿಸಿಕೊಂಡಿದ್ದಳು. "ಮೆಮೇರ್, ನಿನ್ನ ಲೇಸು!" ಎಂದಳು, ನಾನು ಯಾವಾಗಲೂ ಅವಳಿಗೆ ಹೇಳುವ ಹಾಗೆ.

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಗುವಿಗೆ, ಹೋಗು, ನೀರು ಕಾಯಲಿಕ್ಕೆ ಇಡು, ಗಿಡದ ಪಕ್ಕದಲ್ಲೇ ನಡಿ ಎಂದಳು. ಹೊಗೆಯಲ್ಲಿ ಕೆಂಪು ಕೋಟು ಕರಗುವವರೆಗೆ ಇಬ್ಬರೂ ಅತ್ತಲೇ ನೋಡಿದೆವು.

"ಗುರುವಾರ ನೀವು ಗಿಡ ಎಳೆಯೋದು ಕಂಡೆ" ಎಂದಳು. "ಕೊರೆಯೋದು ಕಾಣ್ಲಿಲ್ಲ. ಅದಕ್ಕೇ ನಿನ್ನೆ ಬೆಳಗಾಗ್ತಲೇ ಬಂದು ಬಾಗಿಸ್ದೆ. ಇವತ್ತು ಇನ್ನೊಂದ್ಸಲ ಕೊರೆದು ನೋಡ್ತಿದೀನಿ."

"ಕಂಡಿದ್ರೆ ಊರಿಗೆಲ್ಲ ಹೇಳ್ಬೇಕಿತ್ತು, ಮುದುಕಿಗೆ ತಲೆ ಕೆಟ್ಟಿದೆ ಅಂತ. ಯಾಕೆ ಹೇಳ್ಲಿಲ್ಲ?"

ಬೈರಿಗೆಯ ತುದಿಯ ಹಿಮ ಒರೆಸಿದಳು.

"ನನಗೂ ಸೇತುವೆ ಅಲ್ಲೇ ಬೇಕಿತ್ತು, ಕಣಜದ ಹತ್ರ. ಈಗ ಗಾಳಿ ಎದ್ರೆ, ಗಡ್ಡೆ ಬಿರಿದ್ರೆ, ಮಗು ನಮ್ಮಲ್ಲೇ ಉಳಿಯತ್ತೆ. ಬೆಳಿಗ್ಗೆ ಹಾಸಿಗೇಲಿ ಅವಳ ತಲೆ ಕಾಣತ್ತೆ. ಮನೆ ಮುಂದೆ ಸೇತುವೆ ನಿಂತ್ರೆ ಉಳಿಸ್ಕೊಳ್ಳೋಕೆ ನನಗೆ ನೆಪ ಎಲ್ಲಿದೆ? ಕತ್ತಲಾಗೋದ್ರೊಳಗೆ ಸೈಕಲ್ ಹತ್ತಿ ನಿಮ್ಮ ಹತ್ರ ಓಡಿ ಬರ್ತಾಳೆ. ದಿನಾ ನಿಮ್ಮದೇ ಮಾತು. ಮೆಮೇರ್ ಸಾರು, ಮೆಮೇರ್ ಹೆಣೆದ ಕೈಗವುಸು. ಜೋಪಾನವಾಗಿ ಒಗೀಬೇಕಂತೆ ಅದನ್ನ, ಬಿಸಿನೀರು ತಾಗಿಸ್ಬಾರ್ದಂತೆ."

ನನಗೆ ಬಾಯಿಗೆ ಬಂದದ್ದು ಒಂದೇ, ನೀವು ಅಲ್ಲಿಂದ ನನ್ನನ್ನು ಹೇಗೆ ಕಂಡಿರಿ ಎಂದೆ.

"ನನ್ನ ಹತ್ರಾನೂ ದುರ್ಬೀನು ಇದೆ. ನಿಮ್ಮದು ಮಧ್ಯಾಹ್ನದ ಬಿಸಿಲಿಗೆ ಮಿಂಚತ್ತೆ, ಪರದೆ ಹಿಂದೆ ನಿಂತ್ಕೊಳ್ಳಿ" ಎಂದಳು.

ಜನವರಿ 19

ಒಳ್ಳೆಯವಳಾಗುವ ಸರದಿಯೂ ಅವಳಿಗೇ ಸಿಕ್ಕಿತು. ಅದನ್ನೂ ಬಿಡಲಿಲ್ಲ.

ಜನವರಿ 24

ಏನೂ ಇಲ್ಲ. ಚಳಿ. ಪರದೆಯ ಹಿಂದೆ ನಿಂತು ನೋಡಿದರೆ ಏನೂ ಸರಿಯಾಗಿ ಕಾಣುವುದಿಲ್ಲ.

ಫೆಬ್ರವರಿ 2, ಮೇಣದ ಬತ್ತಿಯ ಹಬ್ಬ

ಕಾವಲಿಗೆ ಕ್ರೆಪ್ ಹುಯ್ದೆ. ತೆಳ್ಳಗೆ, ಆಚೆಯ ಅಕ್ಷರ ಓದಲು ಬರುವಂತೆ. ಮಾಯೆಲ್ ಒಂದನ್ನು ಗಾಳಿಗೆ ಹಾರಿಸಿ ನಾಯಿಯ ಮೇಲೆ ಬೀಳಿಸಿದಳು. ಮಿಕ್ಕಿದ್ದನ್ನು ಡಬ್ಬಿಗೆ ಹಾಕಿ ಆಚೆ ದಡಕ್ಕೆ ಕಳಿಸಿದೆ. ಋಣ ಇಟ್ಟುಕೊಳ್ಳುವುದು ನನಗೆ ಆಗದು, ಅಷ್ಟೇ.

ಫೆಬ್ರವರಿ 4

ಡಬ್ಬಿ ಖಾಲಿ ಬರಲಿಲ್ಲ. ಅವರ ಒಣಹಣ್ಣಿನ ತಣ್ಣನೆ ಸಾರು, ಅದೇನೋ ಪ್ಲೂಮಮೋಸ್. ಸಾರಿಗೆ ಯಾರಾದರೂ ಹಣ್ಣು ಹಾಕುತ್ತಾರೆಯೇ? ರುಚಿ ಸರಿಯಾಗಿ ತಿಳಿಯಲಿ ಎಂದು ಎರಡು ಬಟ್ಟಲು ಕುಡಿದೆ. ದಾಲ್ಚಿನ್ನಿ ಜಾಸ್ತಿ.

ಆ ಡಬ್ಬಿ ಈಗ ಮತ್ತೆ ಅವಳಿಗೆ ಹೋಗಬೇಕು. ಖಾಲಿ ಕಳಿಸಲಿಕ್ಕೆ ಬರುವುದಿಲ್ಲ. ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲವಂತೆ.

ಫೆಬ್ರವರಿ 12, ಬುಧವಾರ

ಮಾಯೆಲ್‌ಗೆ ನೆಗಡಿ, ಆದ್ದರಿಂದ ಡಬ್ಬಿ ನಾನೇ ಒಯ್ದೆ. ಬರೀ ಬಾಗಿಲಲ್ಲಿ ಕೊಟ್ಟು ಬರುವ ಯೋಚನೆ. ಕಣಜ ಸುತ್ತಿ, ಆ ಬಳಸು ಹಾದು, ಆಚೆ ದಂಡೆ ಹತ್ತಿ, ಲಾರಿ ರಸ್ತೆಯ ಬದಿಯಲ್ಲಿ ನಡೆಯುವಷ್ಟರಲ್ಲಿ ಮಂಡಿ ಎರಡೂ ನನ್ನವಲ್ಲ ಎಂಬಂತಾಯಿತು. ಲಾರಿಗಳು ಹಿಮ ಎರಚಿ ಹೋಗುತ್ತವೆ. ಯಾವ ಪುಣ್ಯಾತ್ಮರು ಈ ದಾರಿ ಮಾಡಿದರೋ ಎಂದು ಬೈದುಕೊಂಡೆ. ಆಮೇಲೆ ನೆನಪಾಯಿತು.

ಕುಳ್ಳಿರಿಸಿಕೊಂಡಳು. ಅಡುಗೆಮನೆ ಆಸ್ಪತ್ರೆಯ ಹಾಗೆ ಚೊಕ್ಕಟ. ಹಿಂದಿನ ಕೊಟ್ಟಿಗೆಯಲ್ಲಿ ಕೆಂಪು ಸೈಕಲ್ಲು ಮುಗಿದು ನಿಂತಿದೆ. ಅದರ ಪಕ್ಕದಲ್ಲಿ ಮೂರು ಚಕ್ರದ್ದೊಂದು ಅರ್ಧ ಆಗಿತ್ತು. ಇದು ಯಾರಿಗೆ ಎಂದರೆ, ಯಾರಿಗಾದರೂ ಎಂದಳು. ಆಮೇಲೆ, ಸೀಟಿನ ಎತ್ತರ ನೋಡಬೇಕು, ಸ್ವಲ್ಪ ಕೂರಿ ಎಂದಳು. ನಾನು ಬೀಳುತ್ತೇನೆ ಎಂದೆ. "ಮೂರು ಚಕ್ರದಿಂದ ಬೀಳೋಕೆ ಪ್ರಯತ್ನ ಪಡ್ಬೇಕು" ಎಂದಳು. ಕೂತೆ. ಕಾಲು ಪೆಡಲಿಗೆ ಎಟುಕುವವರೆಗೆ ಸೀಟನ್ನು ಏರಿಸಿದಳು, ನನ್ನದು ಉದ್ದ ಕಾಲು. ಸೀಸದಕಡ್ಡಿಯಲ್ಲಿ ಗುರುತು ಹಾಕಿಕೊಂಡಳು.

ವಾಪಸು ಬರುವಾಗ ಹೊತ್ತು ಇಳಿದಿತ್ತು. ಉಗುರಿನ ಗ್ರೀಸು ಬೆಣ್ಣೆ ಹಚ್ಚಿದರೆ ಹೋಗುತ್ತದೆ ಎಂದು ಹೇಳಿ ಬಂದಿದ್ದೇನೆ.

ಫೆಬ್ರವರಿ 19, ಬುಧವಾರ

ಡಬ್ಬಿ ಒಯ್ದೆ. ಇಂಜಿನಿಯರ್ ಹುಡುಗಿಯೂ ಅಲ್ಲಿಗೆ ಬಂದಿದ್ದಳು. ಕಣಜದ ಪೆಟ್ಟಿಗೆ ತುಂಬಿ ತುಳುಕುತ್ತಿದೆಯಂತೆ, ಇಗರ್ಜಿಯ ಪೆಟ್ಟಿಗೆಯ ಮುಂದೆ ಹಾದದ್ದು ನರಿ ಮತ್ತು ಲುಸಿಲ್‌ಳ ಬೆಕ್ಕು. ನಮಗೆ ಆಶ್ಚರ್ಯ, ಆದರೆ ಹೀಗೇ ಮುಂದುವರಿದರೆ ಸೇತುವೆ ಕಣಜದ ಹತ್ತಿರವೇ ಎಂದಳು.

ಅವಳು ಹೋದ ಮೇಲೆ ಇಬ್ಬರೂ ಮೇಜಿನ ಮೇಲಿನ ರೊಟ್ಟಿಯ ಚೂರು ಗುಡಿಸುತ್ತಾ ಕೂತೆವು. ಬೇಕಾದದ್ದು ಆಯಿತಲ್ಲ ಎಂದೆ. ಆಯಿತು ಎಂದಳು. ಆ ಲಾರಿ ರಸ್ತೆ ಮಗುವಿಗೆ ಒಳ್ಳೆಯದಲ್ಲ ಎಂದೆ. ಮಗುವಿಗೆ ಒಳ್ಳೆಯದೇ ಅಲ್ಲ ಎಂದಳು. ಚಳಿಗಾಲದಲ್ಲಿ ಮಂಡಿಗೂ ಎಂದೆ. ಮಾಯೆಲ್‌ಳ ಮಂಡಿಗಾ ಎಂದು ಕೇಳಿದಳು. ನಾನು ಚೂರುಗಳನ್ನು ಅಂಗೈಗೆ ತೆಗೆದುಕೊಂಡು ಒಲೆಗೆ ಹಾಕಿದೆ.

ಫೆಬ್ರವರಿ 20

ಮತ್ತೆ ಹಾಕಿ ಪಂದ್ಯ, ಊರು ಖಾಲಿ. ಈ ಸಲ ಬೈರಿಗೆ ಮೊದಲು. ಅವಳು ಆ ದಡದಿಂದ, ನಾನು ಈ ದಡದಿಂದ. ಕಣಜದ ಸಾಲು ಕಿತ್ತು ಇಗರ್ಜಿಯ ಹಿಂದಿನ ಹಳೆಯ ಜಾಗಕ್ಕೆ ತಂದೆವು. ಗಿಡಗಳು ಅಷ್ಟರಲ್ಲಿ ಬೋಳಾಗಿದ್ದವು, ಎಳೆದರೆ ಸೂಜಿ ಎಲೆ ಉದುರುತ್ತಿತ್ತು. ಅವಳು ಕೊರೆಯುತ್ತಾಳೆ, ಗಡ್ಡೆಗೆ ಕಿವಿಗೊಟ್ಟು ಕೇಳುತ್ತಾಳೆ, ನಾನು ನೆಡುತ್ತೇನೆ. ಒಂದು ವಾರೆ ಆಯಿತು ಎಂದು ಕಿತ್ತು ಮತ್ತೆ ನೆಡಿಸಿದಳು. ಇಷ್ಟು ಅಚ್ಚುಕಟ್ಟಿನವಳ ಜೊತೆ ಗಂಡ ಹೇಗೆ ಬಾಳಿದನೋ ಎಂದೆ. ಕೊಟ್ಟಿಗೆಯಲ್ಲಿ ಎಂದಳು.

ಗಡ್ಡೆಯ ಮೇಲೆ ಕೂತು ನಕ್ಕೆವು. ಎದ್ದೇಳುವುದು ಕಷ್ಟವಾಯಿತು. ಅವಳು ನನ್ನನ್ನು ಎತ್ತಿದಳು, ನಾನು ಅವಳನ್ನು ಎತ್ತಿದೆ, ಯಾರು ಯಾರನ್ನು ಮೊದಲು ಎಂಬುದು ಗೊತ್ತಾಗಲಿಲ್ಲ.

ಯುಸ್ಟೀನಾ, ಅದೇ ಅವಳ ಹೆಸರು, ಹೀಗೆ ನಗುತ್ತಾಳೆ ಎಂದು ಲೀಸಾ ಮದುವೆಯಾಗಿ ಬಂದಾಗಿನಿಂದ ನನಗೆ ಯಾರೂ ಹೇಳಿರಲಿಲ್ಲ.

ಫೆಬ್ರವರಿ 21

ಊರವರು ಗೊಣಗದೆ ಹಳೆಯ ದಾರಿಗೆ ತಿರುಗಿದರು. ಯಾರು ಬದಲಾಯಿಸಿದರು ಎಂದು ಒಬ್ಬರೂ ಕೇಳಲಿಲ್ಲ. ಕುರಿಗಳು.

ಫೆಬ್ರವರಿ 26, ಬುಧವಾರ

ಯುಸ್ಟೀನಾ ಮನೆಗೆ. ಡಬ್ಬಿ ಮರೆತು ಹೋಗಿದ್ದೆ. ಪರವಾಗಿಲ್ಲ ಎಂದಳು.

ಮಾರ್ಚ್ 8

ಕೊನೆಯ ಸಭೆ. ಮರಿಸೆಲ್ ಹೊಸ ನಕ್ಷೆ ತಂದಿದ್ದಳು, ಗೆರೆ ಒಂದೇ. ಇಗರ್ಜಿಯಿಂದ ಯುಸ್ಟೀನಾಳ ಹಿತ್ತಲಿಗೆ. ಜನರ ನಡಿಗೆ ತಿಂಗಳ ಕೊನೆಗೆ ಇದ್ದಕ್ಕಿದ್ದಂತೆ ತಿರುಗಿತು, ಊರಿನ ಬೊಟ್ಟುಗಳೂ ಹೆಚ್ಚು ಇಲ್ಲೇ ಇದ್ದವು, ಎರಡನ್ನೂ ಸೇರಿಸಿ ತೀರ್ಮಾನ ಮಾಡಿದೆವು ಎಂದಳು. ಹೇಳುವಾಗ ನನ್ನ ಕಡೆ ಯಾಕೆ ನೋಡಿದಳೋ ತಿಳಿಯದು. ಬಯಲಿನ ಉದ್ದಕ್ಕೂ ಕಂಬದ ಮೇಲೆ ಹೋಗುತ್ತದೆ, ನೆರೆ ಅಡಿಯಲ್ಲಿ ಹರಿದುಕೊಳ್ಳುತ್ತದೆ. ಎರಡು ಬೇಸಿಗೆ ಕಳೆದು ಮೂರನೆಯದಕ್ಕೆ ಸಿದ್ಧ.

ಮಾಯೆಲ್ ಬೆರಳು ಮಡಚಿ ಲೆಕ್ಕ ಹಾಕಿ, ಆ ಹೊತ್ತಿಗೆ ನಾನು ಹೆದ್ದಾರಿ ಆಚೆಯ ದೊಡ್ಡ ಸ್ಕೂಲಿಗೆ, ಬಸ್ಸಲ್ಲಿ ಹೋಗಿ ಸಂಜೆ ಹಾಕಿ ಆಟ ಮುಗಿಸಿಕೊಂಡು ಬರೋದು ಎಂದಳು. ಹೌದಲ್ಲ ಎಂದೆ.

ಪ್ರಶ್ನೆ ಇದ್ದರೆ ಕೇಳಿ ಎಂದಾಗ ಎದ್ದು ನಿಂತೆ. ಅಗಲ ಎಷ್ಟು, ಮೂರು ಚಕ್ರದ ಎರಡು ಸೈಕಲ್ಲು ಎದುರುಬದುರು ಬಂದರೆ ಹಾಯುತ್ತವೆಯೇ ಎಂದೆ. ಹಾಯುತ್ತವೆ, ಮಧ್ಯೆ ಒಬ್ಬ ದಪ್ಪ ಪಾದ್ರಿಯೂ ನಿಲ್ಲಬಹುದು ಎಂದಳು. ಪಾದ್ರಿಗಳೂ ನಕ್ಕರು. ನಡುವೆ ಕೂರಲಿಕ್ಕೆ ಬೆಂಚು ಇದೆಯೇ ಎಂದೆ. ನಕ್ಷೆಯಲ್ಲಿ ಇಲ್ಲ, ಯಾಕೆ ಎಂದಳು. ಮುದುಕಿಯರು ಅರ್ಧ ದಾರಿ ನಡೆದು ಬರುತ್ತಾರೆ, ಅಲ್ಲಿ ನಿಂತೇ ಮಾತಾಡಬೇಕೇ ಎಂದೆ. ಬರೆದುಕೊಂಡಳು. ಹಿಂದಿನ ಸಾಲಿನಿಂದ ಯುಸ್ಟೀನಾ, "ಬೆನ್ನಿಗೆ ಒರಗು ಇರೋ ಬೆಂಚು" ಎಂದಳು. ಅದನ್ನೂ ಬರೆದುಕೊಂಡಳು.

ಹಸಿರು ಬೊಟ್ಟು ಮಿಕ್ಕಿತ್ತು. ಒಂದನ್ನು ಗೆರೆಯ ಸರಿಯಾಗಿ ನಡುವೆ ಅಂಟಿಸಿ ಬಂದೆ, ಮರೆಯದಿರಲಿ ಎಂದು.

ಮಾರ್ಚ್ 27

ಬೆಳ್ಳಿ ಚೂರಿನ ಗಿಡ ವಾಲಿತು. ಮೊದಲ ಗಿಡ ವಾಲಿದರೆ ಆಮೇಲೆ ಹೊಳೆಗೆ ಯಾರೂ ಕಾಲಿಡುವುದಿಲ್ಲ. ನಿನ್ನೆ ಬುಧವಾರ ಹೋಗಿದ್ದೇ ಕೊನೆ. ಅದು ಕೊನೆ ಎಂದು ಗೊತ್ತಿದ್ದರೆ ಇನ್ನೊಂದು ಲೋಟ ಕಾಫಿ ಕುಡಿಯುತ್ತಿದ್ದೆ.

ಡಬ್ಬಿ ಅವಳ ಹತ್ತಿರವೇ ಉಳಿಯಿತು.

ಏಪ್ರಿಲ್ 5

ಗಡ್ಡೆ ಒಡೆದು ಹೋಯಿತು, ಗಿಡಗಳೂ ಅದರ ಜೊತೆ. ಬಯಲಿಗೆ ನೀರು ಏರಿದೆ. ನಮ್ಮ ದಿಬ್ಬದ ಮೂರು ಕಡೆ ನೀರು, ಒಂದು ಕಡೆ ರಸ್ತೆ. ಮಾಯೆಲ್ ಸ್ಕೂಲಿಂದ ಬರುತ್ತಾಳೆ, ಸಾರು ಪೂರ್ತಿ ತಿನ್ನುತ್ತಾಳೆ, ಏನೋ ಹೇಳುತ್ತಾಳೆ. ನಿನ್ನೆ, ನಾನು ಮಾತಾಡ್ತಿದ್ರೆ ನೀನು ಕಿಟಕೀನೇ ನೋಡ್ತೀಯ ಮೆಮೇರ್ ಎಂದು ಮುಖ ಊದಿಸಿದಳು. ನೀರಿನ ಮಟ್ಟ ನೋಡುತ್ತಿದ್ದೆ ಎಂದೆ.

ಹೆದ್ದಾರಿಯ ಸೇತುವೆ ಸುತ್ತಿ ಯುಸ್ಟೀನಾ ಮನೆಗೆ ಕರೆದುಕೊಂಡು ಹೋಗು ಎಂದು ರೆಮಿಯನ್ನು ಕೇಳಿದೆ. ಆ ಕಡೆ ರಸ್ತೆಯ ಮೇಲೆ ನೀರು ನಿಂತಿದೆಯಂತೆ, ಇಳಿಯಲಿ ಎಂದ.

ಏಪ್ರಿಲ್ 12

ಮಧ್ಯಾಹ್ನ ದುರ್ಬೀನು ತೆಗೆದೆ. ಯುಸ್ಟೀನಾಳ ದಿಬ್ಬವೂ ಒಂದು ದ್ವೀಪ. ಹಗ್ಗದ ಮೇಲೆ ಬಟ್ಟೆ ಒಣಗುತ್ತಿದೆ. ಅಂಗಳದಲ್ಲಿ ಮೂರು ಚಕ್ರದ ಸೈಕಲ್ಲು ಮುಗಿದು ನಿಂತಿದೆ, ಹಸಿರು ಬಣ್ಣ. ಅದರ ಮೇಲೆ ಯಾರೋ ಕೂತಿದ್ದಾರೆ.

ಗಾಜು ಒರೆಸಿ ನೋಡಿದೆ. ಲುಸಿಲ್.

ತಂಗಿಯ ಮನೆಗೆಂದು ಆಚೆ ಹೋದವಳು ನೀರೇರಿ ಅಲ್ಲೇ ಉಳಿದಿದ್ದಾಳೆ ಎಂದು ಪಾದ್ರಿಗಳು ಹೇಳುತ್ತಿದ್ದರು. ತಂಗಿಯ ಮನೆ ಯುಸ್ಟೀನಾಳ ಪಕ್ಕದ ದಿಬ್ಬ ಎಂದು ನನಗೆ ಹೊಳೆದಿರಲಿಲ್ಲ. ದೋಣಿಯಲ್ಲಿ ಬಂದಿರಬೇಕು. ಸೀಟಿನ ಮೇಲೆ ಮಗುವಿನ ಹಾಗೆ ಕೂತಿದ್ದಾಳೆ, ಕಾಲು ಪೆಡಲಿಗೆ ಎಟುಕುವುದಿಲ್ಲ. ಎಟುಕುವುದು ಹೇಗೆ, ಅದು ನನ್ನ ಕಾಲಿಗೆ ಏರಿಸಿದ ಸೀಟು. ಗುರುತು ಹಾಕಿಕೊಂಡದ್ದು ನನ್ನೆದುರೇ. ಯುಸ್ಟೀನಾ ಹಿಂದಿನಿಂದ ತಳ್ಳುತ್ತಿದ್ದಾಳೆ. ಇಬ್ಬರೂ ನಗುತ್ತಿದ್ದಾರೆ. ಮೆಟ್ಟಿಲಿನ ಮೇಲೆ ನನ್ನ ಡಬ್ಬಿ, ಮುಚ್ಚಳ ತೆರೆದು ಇಟ್ಟಿದ್ದಾರೆ, ಅದರಲ್ಲಿ ಏನೋ ತಿನ್ನುವುದಿದೆ.

ಎರಡು ಬೇಸಿಗೆ ಯಾಕೆ ಬೇಕು ಒಂದು ಸೇತುವೆಗೆ? ಮರಿಸೆಲ್‌ಗೆ ಫೋನ್ ಮಾಡಿ ಅದನ್ನೇ ಕೇಳಿದೆ. ನೆರೆ ಇಳಿಯದೆ ಕಂಬ ಊರಲು ಆಗುವುದಿಲ್ಲ ಅಜ್ಜಿ ಎಂದಳು. ಬೇಗ ಕಟ್ಟಬೇಕೆಂಬ ಮನಸ್ಸಿದ್ದರೆ ಆಗುತ್ತದೆ ಎಂದು ಹೇಳಿ ಇಟ್ಟುಬಿಟ್ಟೆ.

ಮತ್ತೆ ಕಿಟಕಿಗೆ ಬಂದೆ. ಇನ್ನೂ ತಳ್ಳುತ್ತಲೇ ಇದ್ದಳು. ಪರದೆ ಪೂರ್ತಿ ಸರಿಸಿದೆ. ಬಿಸಿಲು ನೇರ ಬೀಳುತ್ತಿತ್ತು. ದುರ್ಬೀನನ್ನು ಎತ್ತಿ ಹಿಡಿದು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ತಿರುಗಿಸಿದೆ. ತೋಳು ನೋಯುವವರೆಗೂ ತಿರುಗಿಸಿದೆ.

ಆಮೇಲೆ ಕಣ್ಣಿಗೆ ಹಿಡಿದು ನೋಡಿದೆ. ಯುಸ್ಟೀನಾ ತಳ್ಳುವುದು ನಿಲ್ಲಿಸಿ ನೀರಿನ ಈಚೆಗೆ, ನೇರ ನನ್ನ ಕಡೆಗೆ ನೋಡುತ್ತಿದ್ದಳು. ಕೈ ಎತ್ತಿದಳು. ಲುಸಿಲ್‌ಗೆ ಏನೋ ಹೇಳಿದಳು.

ಲುಸಿಲ್ ಇಳಿದಳು.